ಗ್ರಾಫಿಕ್ಸ್ ಕಾರ್ಡಿನ ಲೆಕ್ಕ ಮಾನಿಟರಿನಿಂದ ಶುರುವಾಗಲಿ

ಕೇರಳದ ಗಡಿಯೂರು ಕುಂಜತ್ತೂರಿನವರು ಕಂಪ್ಯೂಟರಿಗೊಂದು ಗ್ರಾಫಿಕ್ಸ್ ಕಾರ್ಡು ಬೇಕೆಂದು ಹೊರಟರೆ ಬಸ್ಸು ಹತ್ತುವುದು ಸಾಮಾನ್ಯವಾಗಿ ಉತ್ತರ ದಿಕ್ಕಿಗೆ. ಜಿಲ್ಲಾ ಕೇಂದ್ರ ಕಾಸರಗೋಡಿಗಿಂತ ತಲಪಾಡಿ ಗಡಿಯಾಚೆಯ ಮಂಗಳೂರೇ ಹತ್ತಿರ, ಕಂಪ್ಯೂಟರ್ ಅಂಗಡಿಗಳೂ ಅಲ್ಲೇ ಹೆಚ್ಚು. ಕೌಂಟರಿನ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಬಜೆಟ್ ಎಷ್ಟು?’ ಈ ಕಡೆಯಿಂದ ಹೋಗುವ ಮೊದಲ ಪ್ರಶ್ನೆ ‘ಇದು ಎಷ್ಟು ಜಿಬಿ?’ ವ್ಯಾಪಾರ ಈ ಎರಡು ಪ್ರಶ್ನೆಗಳಲ್ಲೇ ಮುಗಿದುಹೋದರೆ ಕೊಂಡವರ ದುಡ್ಡಿಗೆ ತಕ್ಕ ಆಟ ಸಿಗುವುದು ಅಪರೂಪ. ಕಾರಣ, ಎರಡೂ ಪ್ರಶ್ನೆ ಕಾರ್ಡಿನ ಬಗ್ಗೆ ಇವೆ. ಕಾರ್ಡು ಹೋಗಿ ಸೇರುವ ಕಂಪ್ಯೂಟರಿನ ಬಗ್ಗೆ ಒಂದೂ ಇಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದಷ್ಟೂ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಮನೆಯಲ್ಲಿ ಈಗಾಗಲೇ ಇರುವ ಮಾನಿಟರ್, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ಮದರ್‌ಬೋರ್ಡು ಇವುಗಳಿಂದ ಹೊರಟು ಕಾರ್ಡಿನ ಕಡೆಗೆ ಬಂದರೆ ಬಹಳಷ್ಟು ಕಾರ್ಡುಗಳು ತಾವಾಗಿಯೇ ಪಟ್ಟಿಯಿಂದ ಉದುರಿಹೋಗುತ್ತವೆ. ಉಳಿಯುವ ನಾಲ್ಕೈದರಲ್ಲಿ ಯಾವುದನ್ನು ತಂದರೂ ದೊಡ್ಡ ಮೋಸವಿಲ್ಲ.

ಮಾನಿಟರಿನಿಂದಲೇ ನೋಡೋಣ. ಪರದೆಯ ಮೇಲಿನ ಒಂದೊಂದು ಚುಕ್ಕೆಗೂ ಯಾವ ಬಣ್ಣ ಎಂದು ಲೆಕ್ಕ ಹಾಕಿ ಹೇಳುವುದೇ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಚುಕ್ಕೆ ಎಷ್ಟಿವೆ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗಬೇಕು, ಇವೆರಡೇ ಅದರ ಹೊರೆಯನ್ನು ಬಹುಪಾಲು ತೀರ್ಮಾನಿಸುತ್ತವೆ. ಹಳೆಯ 1366×768 ಮಾನಿಟರಿನಲ್ಲಿ ಇರುವುದು ಸುಮಾರು 10.5 ಲಕ್ಷ ಚುಕ್ಕೆ. ಈಗ ಎಲ್ಲೆಲ್ಲೂ ಕಾಣುವ 1920×1080ರಲ್ಲಿ, ಅಂದರೆ 1080ಪಿಯಲ್ಲಿ, 20.7 ಲಕ್ಷ. 2560×1440ಕ್ಕೆ ಏರಿದರೆ 36.9 ಲಕ್ಷ, 4ಕೆ ಪರದೆಯಲ್ಲಿ 83 ಲಕ್ಷ. 4ಕೆಗಾಗಿ ತಯಾರಾದ ಕಾರ್ಡನ್ನು 1080ಪಿ ಮಾನಿಟರಿಗೆ ಜೋಡಿಸಿದರೆ ಅದರ ಮುಕ್ಕಾಲು ಶಕ್ತಿಗೆ ಕೆಲಸವೇ ಇರುವುದಿಲ್ಲ. ಮಾನಿಟರ್ 60 ಹರ್ಟ್ಸಿನದಾದರೆ ಕಾರ್ಡು ಸೆಕೆಂಡಿಗೆ 140 ಚಿತ್ರ ಬಿಡಿಸಿಕೊಟ್ಟರೂ ಕಣ್ಣಿಗೆ ಸಿಗುವುದು 60 ಮಾತ್ರ. ಬೆರಳು ಒತ್ತಿದ್ದಕ್ಕೂ ಪರದೆಯಲ್ಲಿ ಗುಂಡು ಹಾರಿದ್ದಕ್ಕೂ ನಡುವಿನ ಅಂತರ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಸ್ಪರ್ಧೆಗೆ ಆಡುವವರಿಗೆ ಅದು ಲಾಭವೇ. ಉಳಿದವರಿಗೆ ಅದು ಬಾಕ್ಸಿನ ಮೇಲಿನ ಅಂಕಿ ಅಷ್ಟೇ. ಆಟಗಳ ಆನ್‌ಲೈನ್ ಮಳಿಗೆ ಸ್ಟೀಮ್ ತನ್ನ ಬಳಕೆದಾರರ ಯಂತ್ರಗಳ ಬಗ್ಗೆ ಪ್ರತಿ ತಿಂಗಳು ಪ್ರಕಟಿಸುವ ಸಮೀಕ್ಷೆಯಲ್ಲಿ ಇಂದಿಗೂ ಅರ್ಧಕ್ಕಿಂತ ಹೆಚ್ಚು ಮಂದಿ 1080ಪಿಯಲ್ಲೇ ಇದ್ದಾರೆ. ಇದು ಬಡದೇಶಗಳ ಮಾತಲ್ಲ, ಜಗತ್ತಿನ ಲೆಕ್ಕ. ಹಾಗಾಗಿ 1080ಪಿಗೆ ಹೊಂದುವ ಕಾರ್ಡು ಹುಡುಕುವವರು ಯಾರಿಗೂ ಕಡಿಮೆಯವರೇನಲ್ಲ.

ಇನ್ನು ಜಿಬಿಯ ಮಾತು. ಕಾರ್ಡಿನ ಮೆಮೊರಿ ಎಷ್ಟಿದೆ ಎಂಬುದು ಮುಖ್ಯವೇ, ಆದರೆ ಅದು ಯಾವ ಬಗೆಯದು, ಚಿಪ್ಪಿಗೂ ಅದಕ್ಕೂ ನಡುವಿನ ದಾರಿ ಎಷ್ಟು ಅಗಲ ಎಂಬುದು ಅಷ್ಟೇ ಮುಖ್ಯ. ಬಾಕ್ಸಿನ ಮುಂಭಾಗದಲ್ಲಿ ಮೊದಲನೆಯದು ದಪ್ಪಕ್ಷರದಲ್ಲಿರುತ್ತದೆ, ಉಳಿದೆರಡು ಹಿಂಭಾಗದ ಸಣ್ಣಕ್ಷರದಲ್ಲಿ. ಎನ್‌ವಿಡಿಯಾ 2017ರಲ್ಲಿ ಜಿಟಿ 1030 ಎಂಬ ಸಣ್ಣ ಕಾರ್ಡು ತಂದಿತು. ಜಿಡಿಡಿಆರ್5 ಮೆಮೊರಿ, ಸೆಕೆಂಡಿಗೆ 48 ಜಿಬಿ ಸಾಗಿಸುವ ಸಾಮರ್ಥ್ಯ. ಮರುವರ್ಷ ಅದೇ ಹೆಸರಿನಲ್ಲಿ, ಅದೇ 2 ಜಿಬಿ ಎಂದು ಬರೆದ ಬಾಕ್ಸಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಬಂತು. ಅದು ಸಾಗಿಸುತ್ತಿದ್ದದ್ದು ಸೆಕೆಂಡಿಗೆ ಸುಮಾರು 17 ಜಿಬಿ. ಹೆಸರು ಒಂದೇ, ಜಿಬಿ ಒಂದೇ, ಆಟದಲ್ಲಿ ಸಿಗುವ ವೇಗ ಮಾತ್ರ ಅರ್ಧಕ್ಕೆ ಬಂದು ನಿಂತಿತು. ಇದು ಹಳೆಯ ಕಥೆ ಎನ್ನುವಂತಿಲ್ಲ. 2022ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ಯಲ್ಲಿ 8 ಜಿಬಿ, 2560 ಕೋರ್, 128 ಬಿಟ್ ದಾರಿ ಇತ್ತು. 2024ರ ಫೆಬ್ರವರಿಯಲ್ಲಿ ಅದೇ ಹೆಸರಿನಡಿ 6 ಜಿಬಿ, 2304 ಕೋರ್, 96 ಬಿಟ್‌ನ ಕಾರ್ಡು ಬಂತು. 6ಕ್ಕೂ 8ಕ್ಕೂ ಎರಡೇ ಜಿಬಿ ವ್ಯತ್ಯಾಸ ಎಂದುಕೊಂಡವರು ನಿಜವಾಗಿ ಬೇರೆಯೇ ಕಾರ್ಡನ್ನು ಕೊಂಡಿರುತ್ತಾರೆ. ಎಎಂಡಿಯೂ ಹಿಂದೆ ಬಿದ್ದಿಲ್ಲ. ಅದರ ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ 4 ಜಿಬಿ ಮೆಮೊರಿ, 64 ಬಿಟ್ ದಾರಿ, ಮದರ್‌ಬೋರ್ಡಿಗೆ ಮಾತಾಡಲು ನಾಲ್ಕೇ ಪಿಸಿಐ ಎಕ್ಸ್‌ಪ್ರೆಸ್ ಲೇನ್. ಹೊಸ, ಅಂದರೆ ನಾಲ್ಕನೇ ಪೀಳಿಗೆಯ ಪಿಸಿಐ ಇರುವ ಬೋರ್ಡಿನಲ್ಲಿ ಅದು ಹೇಗೋ ನಡೆಯುತ್ತದೆ. ನಮ್ಮಲ್ಲಿ ಬೇಕಾದಷ್ಟು ಕಡೆ ಇರುವ ಎಎಂಡಿಯ ಬಿ450 ಬೋರ್ಡು, ಇಂಟೆಲ್ ಹತ್ತನೇ ಪೀಳಿಗೆ ಮತ್ತು ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಇರುವುದು ಮೂರನೇ ಪೀಳಿಗೆ; ಅಲ್ಲಿ ಆ ನಾಲ್ಕು ಲೇನುಗಳ ವೇಗ ಅರ್ಧವಾಗುತ್ತದೆ. 4 ಜಿಬಿ ತುಂಬಿ ಆಟ ಮುಖ್ಯ ರ‍್ಯಾಮಿನ ಕಡೆ ಕೈಚಾಚಿದೊಡನೆ ತಡವರಿಸತೊಡಗುತ್ತದೆ. ಆಡಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋಣವೆಂದರೆ ಆ ಕಾರ್ಡಿನಲ್ಲಿ ವಿಡಿಯೊ ಎನ್‌ಕೋಡರ್ ಕೂಡ ಇಲ್ಲ. ಹಳೆಯ ಕಂಪ್ಯೂಟರಿಗೆ ಅಗ್ಗದ ಕಾರ್ಡು ಹುಡುಕುವವರನ್ನೇ ಉದ್ದೇಶಿಸಿ ಮಾರಿದ ಕಾರ್ಡು ಹಳೆಯ ಕಂಪ್ಯೂಟರಿನಲ್ಲೇ ಸರಿಯಾಗಿ ಓಡದು ಎಂಬುದು ಇದರ ವಿಚಿತ್ರ.

ಮೂರನೆಯದು ಎಸ್‌ಎಂಪಿಎಸ್. ಅಸೆಂಬಲ್ ಮಾಡಿಸಿದ ಕಂಪ್ಯೂಟರುಗಳಲ್ಲಿ ಯಾರೂ ಕೇಳದೆ ಯಾರೂ ಹೇಳದೆ ಕ್ಯಾಬಿನೆಟ್ಟಿನ ಜೊತೆಗೇ ಬಂದುಬಿಡುವ ಭಾಗ ಇದು. ಮೇಲೆ 450 ವ್ಯಾಟ್ ಎಂದು ಚೀಟಿ ಇರುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 12 ವೋಲ್ಟಿನ ಸಾಲಿನಲ್ಲಿ ಅಷ್ಟು ಕೊಡುವ ತಾಕತ್ತು ಅಗ್ಗದ ಪೆಟ್ಟಿಗೆಗೆ ಇರುವುದಿಲ್ಲ. ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ನೇರ ವೈರು ಬರಬೇಕು. ಆರು ಪಿನ್ನಿನದಾದರೆ ಇನ್ನೊಂದು 75, ಎಂಟು ಪಿನ್ನಿನದಾದರೆ 150 ವ್ಯಾಟ್. ಆ ವೈರು ಇಲ್ಲದ ಎಸ್‌ಎಂಪಿಎಸ್‌ಗೆ ಹಾರ್ಡ್ ಡಿಸ್ಕಿನ ಪಿನ್ನಿನಿಂದ ಕನ್ವರ್ಟರ್ ಎಳೆದು ಕಾರ್ಡು ಓಡಿಸಿಕೊಡುತ್ತೇವೆ ಎನ್ನುವವರು ಇದ್ದಾರೆ. ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ಎಸ್‌ಎಂಪಿಎಸ್ ಬದಲಿಸಲು ದುಡ್ಡಿಲ್ಲ ಎನ್ನುವವರಿಗೆ ಪಟ್ಟಿ ಬಹಳ ಚಿಕ್ಕದು: 75 ವ್ಯಾಟಿನ ಜಿಟಿಎಕ್ಸ್ 1650, ಅದೂ ಪಿನ್ ಇಲ್ಲದ ಮಾದರಿ, ಅಥವಾ ಮೇಲೆ ಹೇಳಿದ, 70 ವ್ಯಾಟ್‌ನಲ್ಲಿ ಓಡುವ 6 ಜಿಬಿಯ 3050. ಆ ಕಾರ್ಡನ್ನು ಹೆಸರಿನ ವಿಷಯದಲ್ಲಿ ಬೈದರೂ ಈ ಒಂದು ಗುಣಕ್ಕೆ ಮೆಚ್ಚಲೇಬೇಕು. ಕರಾವಳಿಯಲ್ಲಿ ವಿದ್ಯುತ್ತಿನ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲೂ, ತುಲಾ ತಿಂಗಳ ಮಳೆಯಲ್ಲೂ ಸಿಡಿಲು ಜಾಸ್ತಿ. ಮಳೆಗಾಲದುದ್ದಕ್ಕೂ ಕರೆಂಟು ಹೋಗಿ ಬಂದು ಮಾಡುತ್ತಿರುತ್ತದೆ. ಆ ಏರಿಳಿತವನ್ನು ಮೊದಲು ತಿನ್ನುವುದು ಎಸ್‌ಎಂಪಿಎಸ್, ಅದು ಸೋತರೆ ನಂತರದ ಸರದಿ ಕಾರ್ಡಿನದು. ಸರಿಯಾದ ಅರ್ತಿಂಗ್, 80 ಪ್ಲಸ್ ಮುದ್ರೆ ಇರುವ ಹೆಸರಾಂತ ಎಸ್‌ಎಂಪಿಎಸ್, ಗುಡುಗು ಕೇಳಿದೊಡನೆ ಪ್ಲಗ್ ಕೀಳುವ ಅಭ್ಯಾಸ ಇವು ಮೂರೂ ಕಾರ್ಡಿನ ಬಜೆಟ್ಟಿಗೆ ಸೇರಿದವೇ. ಒಟ್ಟು ದುಡ್ಡಿನಲ್ಲಿ ಎಸ್‌ಎಂಪಿಎಸ್‌ಗೆ ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಒಂದು ಮೆಟ್ಟಿಲು ಕೆಳಗಿನ ಕಾರ್ಡು ಕೊಳ್ಳುವುದು ನಷ್ಟವಲ್ಲ.

ತಿಂಗಳ ಖರ್ಚನ್ನೂ ಒಮ್ಮೆ ಕೂಡಿ ನೋಡಬಹುದು. ಆರ್‌ಟಿಎಕ್ಸ್ 3060 ಎಳೆಯುವುದು 170 ವ್ಯಾಟ್, 4060 ಎಳೆಯುವುದು 115. ದಿನಕ್ಕೆ ನಾಲ್ಕು ಗಂಟೆ ಆಡಿದರೆ ಎರಡು ತಿಂಗಳಿಗೊಮ್ಮೆ ಬರುವ ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಬಿಲ್ಲಿನಲ್ಲಿ ವ್ಯತ್ಯಾಸ ಸುಮಾರು 13 ಯೂನಿಟ್. ದೊಡ್ಡ ಮೊತ್ತವೇನಲ್ಲ, ಉತ್ಪ್ರೇಕ್ಷೆ ಬೇಡ. ಆದರೆ ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಮೇಲಿನ ಯೂನಿಟ್ಟುಗಳಿಗೆ ಮಾತ್ರವಲ್ಲ, ಮೊದಲ ಯೂನಿಟ್ಟಿನಿಂದಲೇ ಹೆಚ್ಚಿನ ದರ ಬೀಳುತ್ತದೆ. ಬೇಸಗೆಯಲ್ಲಿ ಎಸಿ ಹಾಕಿ ಆ ಗೆರೆಯ ಹತ್ತಿರ ಬಂದಿರುವ ಮನೆಗೆ 13 ಯೂನಿಟ್ ಸಣ್ಣದಲ್ಲ. ಜೊತೆಗೆ ಕಾರ್ಡು ಎಳೆದ ಅಷ್ಟೂ ವ್ಯಾಟ್ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತದೆ. ಈಗಾಗಲೇ ಬೆವರುವ ಊರಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಜರಡಿಯಲ್ಲಿ ಉಳಿಯುವುದು ಯಾವುದು? 1080ಪಿ ಮಾನಿಟರ್, ಎಂಟು ಪಿನ್ನಿನ ಒಂದು ವೈರು ಇರುವ ನಂಬಿಕಸ್ಥ ಎಸ್‌ಎಂಪಿಎಸ್ ಇರುವವರಿಗೆ 2021ರ ಅಕ್ಟೋಬರಿನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6600 ಇಂದಿಗೂ ಅಳತೆಗೋಲು: 8 ಜಿಬಿ, 132 ವ್ಯಾಟ್, ಹಳೆಯ ಬೋರ್ಡಿನಲ್ಲೂ ಹೆಚ್ಚೇನೂ ಸೊರಗದು. ಅದು ಸಿಗುವ ಬೆಲೆಗಿಂತ ಹೆಚ್ಚು ಕೇಳುವ ಯಾವುದೇ ಕಾರ್ಡು ಅದಕ್ಕಿಂತ ಏನು ಹೆಚ್ಚು ಕೊಡುತ್ತದೆ ಎಂದು ಹೇಳಬೇಕಾಗುತ್ತದೆ. 4060 ಕಡಿಮೆ ವಿದ್ಯುತ್ತನ್ನೂ, ಚಿಕ್ಕ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ಅನ್ನೂ ಕೊಡುತ್ತದೆ. 2025ರ ಮೇಯಲ್ಲಿ, 4060ರ ಬಿಡುಗಡೆ ಬೆಲೆಯಾಗಿದ್ದ ಅದೇ 299 ಡಾಲರಿಗೆ ಬಂದ 5060 ಇನ್ನಷ್ಟು ವೇಗ ಕೊಡುತ್ತದೆ. ಇಂಟೆಲ್ 2024ರ ಡಿಸೆಂಬರಿನಲ್ಲಿ 249 ಡಾಲರಿಗೆ 12 ಜಿಬಿಯ ಆರ್ಕ್ ಬಿ580 ತಂದಾಗ ಅಗ್ಗದ ಕಾರ್ಡಿನ ಕಾಲ ಮರಳಿತೆಂದು ಹಲವರು ಬರೆದರು. ಆದರೆ 2025ರ ಆರಂಭದಲ್ಲೇ ಪರೀಕ್ಷಕರು ಒಂದು ಕೊಂಕು ತೋರಿಸಿದರು: ಹಳೆಯ ಪ್ರೊಸೆಸರ್ ಜೊತೆ ಇಟ್ಟರೆ ಅದು ಕೆಲವು ಆಟಗಳಲ್ಲಿ ತೀರಾ ಹಿಂದೆ ಬೀಳುತ್ತದೆ, ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಮ್ಮೆಗೇ ಬಳಸಲು ಬಿಡುವ ರೀಸೈಜಬಲ್ ಬಾರ್ ಸೌಲಭ್ಯ ಇಲ್ಲದ ಬೋರ್ಡಿನಲ್ಲಂತೂ ಬೇಡವೇ ಬೇಡ. ಮತ್ತೆ ಅದೇ ಮಾತು. ಒಳ್ಳೆಯ ಕಾರ್ಡು, ಯಾರ ಕಂಪ್ಯೂಟರಿಗೆ ಎಂಬುದು ಪ್ರಶ್ನೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಭವಿಷ್ಯದ್ದು. ಮಾನಿಟರ್ ನಾಳೆ ಬದಲಾಗಬಹುದು, ಆಟಗಳು ಭಾರವಾಗುತ್ತ ಹೋಗುತ್ತವೆ, ಈಗಲೇ ಸ್ವಲ್ಪ ಸಾಲ ಮಾಡಿ ದೊಡ್ಡದನ್ನೇ ಕೊಳ್ಳಬಾರದೇ? 8 ಜಿಬಿಯ ಕಾಲ ಮುಗಿಯಿತು ಎಂಬ ವಾದದಲ್ಲಿ ಸತ್ಯವಿದೆ. 2023ರಲ್ಲಿ ಕಂಪ್ಯೂಟರಿಗೆ ಬಂದ ಹಾಗ್ವರ್ಟ್ಸ್ ಲೆಗಸಿ, ದ ಲಾಸ್ಟ್ ಆಫ್ ಅಸ್ ಆಟಗಳು 1080ಪಿಯಲ್ಲೇ, ಎಲ್ಲ ಸೆಟ್ಟಿಂಗ್ ಮೇಲಕ್ಕಿಟ್ಟರೆ, 8 ಜಿಬಿಯನ್ನು ತುಂಬಿಸಿಬಿಟ್ಟವು. ಆದರೆ ಟೆಕ್ಸ್‌ಚರ್ ಸೆಟ್ಟಿಂಗನ್ನು ಒಂದು ಹಂತ ಇಳಿಸಿದರೆ ತೊಂದರೆ ಬಹುಪಾಲು ಹೋಗುತ್ತದೆ, ಆಡುವಾಗ ಆ ವ್ಯತ್ಯಾಸ ಗೊತ್ತಾಗುವುದೂ ಕಷ್ಟ. 4 ಜಿಬಿಯ ಕಾರ್ಡಿಗೆ ಇಂಥ ಮಾಫಿ ಇಲ್ಲ. ಹೊಸ ದೊಡ್ಡ ಆಟಗಳ ಮಟ್ಟಿಗೆ ಅದು ಮುಗಿದ ಅಧ್ಯಾಯ. ಭವಿಷ್ಯಕ್ಕೆಂದು ಕೊಂಡದ್ದು ಬಾಳುತ್ತದೆ ಎಂಬ ಖಾತರಿಯೂ ಇಲ್ಲ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ, ಬೆಳಕಿನ ದಾರಿ ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಶ ಇಲ್ಲದ ಕಾರ್ಡುಗಳನ್ನು ಒಳಗೇ ಬಿಡಲಿಲ್ಲ. ಒಂದು ಕಾಲದಲ್ಲಿ ದುಬಾರಿ ಬೆಲೆಗೆ ಮಾರಿದ 11 ಜಿಬಿಯ ಜಿಟಿಎಕ್ಸ್ 1080 ಟಿಐ ಕೂಡ ಹೊರಗೆ ನಿಂತಿತು. ಐದು ವರ್ಷಕ್ಕೆಂದು ಇವತ್ತು ಹಾಕುವ ಹೆಚ್ಚುವರಿ ದುಡ್ಡನ್ನು ಮೂರು ವರ್ಷ ಬಿಟ್ಟು ಮುಂದಿನ ಕಾರ್ಡಿಗೆ ಹಾಕುವುದೇ ಬಜೆಟ್ ಇರುವವರ ದಾರಿ. 8 ಜಿಬಿ ಮತ್ತು 16 ಜಿಬಿ ಮಾದರಿಗಳ ನಡುವೆ ಬೆಲೆಯ ಅಂತರ ತೀರಾ ಕಡಿಮೆ ಇದ್ದಾಗ ಮಾತ್ರ ಇದಕ್ಕೆ ವಿನಾಯಿತಿ: ಆರ್‌ಎಕ್ಸ್ 9060 ಎಕ್ಸ್‌ಟಿಯಲ್ಲಿ ಬಿಡುಗಡೆಯ ಬೆಲೆಗಳ ನಡುವೆ ಇದ್ದದ್ದು 50 ಡಾಲರ್.

ಎರಡನೆಯ ಆಕ್ಷೇಪ ಎಐ ಕಾಲದ್ದು. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಫ್ರೇಮ್ ಜನರೇಶನ್ ಇರುವಾಗ ಈ ಚುಕ್ಕೆ ಲೆಕ್ಕ ಯಾಕೆ ಎಂದು ಕೇಳುತ್ತಾರೆ. ಇವುಗಳಲ್ಲಿ ಎರಡು ಬಗೆ ಇವೆ, ಎರಡನ್ನೂ ಬೆರೆಸಬಾರದು. ಚಿಕ್ಕ ಚಿತ್ರ ಬಿಡಿಸಿ ಹಿಗ್ಗಿಸುವುದು ಒಂದು; 1080ಪಿ ಪರದೆಯಲ್ಲಿ ಡಿಎಲ್‌ಎಸ್‌ಎಸ್ ಕ್ವಾಲಿಟಿ ಎಂದರೆ ಒಳಗೆ ನಡೆಯುವುದು 1280×720. ಇದರ ಲಾಭ ನಿಜವಾದದ್ದು. ಇನ್ನೊಂದು, ಎರಡು ಅಸಲಿ ಚಿತ್ರಗಳ ನಡುವೆ ಊಹೆಯ ಚಿತ್ರ ಸೇರಿಸುವುದು. ಆಟ ಆಗಲೇ ಸೆಕೆಂಡಿಗೆ ಐವತ್ತು ಅರವತ್ತು ಚಿತ್ರದಲ್ಲಿ ಓಡುತ್ತಿದ್ದರೆ ಇದು ನುಣುಪು ಕೊಡುತ್ತದೆ. ಇಪ್ಪತ್ತೈದರಲ್ಲಿ ಏಗುತ್ತಿದ್ದರೆ ಅಂಕಿ ನೂರಾದರೂ ಕೈಗೆ ಅದೇ ಜಡತೆ, ಮೇಲಿಂದ ಇದಕ್ಕೆ ಬೇಕಾದ ಮೆಮೊರಿಯೂ ಅದೇ 8 ಜಿಬಿಯಿಂದ ಹೋಗಬೇಕು. ಅಂದರೆ ಯಾರಿಗೆ ಸಹಾಯ ಹೆಚ್ಚು ಬೇಕೋ ಅವರಿಗೇ ಇದು ಕಡಿಮೆ ಒದಗುತ್ತದೆ. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ 549 ಡಾಲರಿನ 5070ಯಲ್ಲಿ 4090ರ ಸಾಮರ್ಥ್ಯವಿದೆ ಎಂದು ವೇದಿಕೆಯಲ್ಲಿ ಹೇಳಿದ್ದು ಇಂಥ ಊಹೆಯ ಚಿತ್ರಗಳನ್ನು ಲೆಕ್ಕಕ್ಕೆ ಸೇರಿಸಿಯೇ. ಕಾರ್ಡು ಹೋಲಿಸುವಾಗ ಅವನ್ನು ಕಳೆದು ಹೋಲಿಸುವುದು ಕ್ಷೇಮ.

ಸೆಕೆಂಡ್ ಹ್ಯಾಂಡ್ ಯಾಕಾಗಬಾರದು? ಖಂಡಿತ ಆಗಬಹುದು; ಹೊಸ 1650ರ ಬೆಲೆಗೆ ಹಳೆಯ 6600 ಸಿಕ್ಕರೆ ಎರಡನೆಯದನ್ನೇ ಆರಿಸಬೇಕು. 2022ರ ಸೆಪ್ಟೆಂಬರ್ 15ರಂದು ಕ್ರಿಪ್ಟೊ ನಾಣ್ಯದ ಜಾಲ ಎಥೀರಿಯಂ ತನ್ನ ವಿಧಾನ ಬದಲಿಸಿ, ಕಾರ್ಡುಗಳಿಂದ ನಾಣ್ಯ ಗಳಿಸುವ ಮೈನಿಂಗ್ ನಿಂತಾಗ ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದು ಬಿದ್ದವು. ಮೈನಿಂಗಿನ ಕಾರ್ಡೆಂದರೆ ಸತ್ತ ಕಾರ್ಡು ಎಂಬ ಭಯಕ್ಕೆ ಆಧಾರ ಕಡಿಮೆ; ಸವೆದಿರುವುದು ಹೆಚ್ಚಾಗಿ ಫ್ಯಾನು ಮತ್ತು ಥರ್ಮಲ್ ಪೇಸ್ಟು. ನಮ್ಮಲ್ಲಿ ಹೆಚ್ಚು ನೋಡಬೇಕಾದ್ದು ಉಪ್ಪುಗಾಳಿಯ ಗುರುತು. ಹೀಟ್‌ಸಿಂಕಿನ ತಗಡು, ಸ್ಕ್ರೂ, ಎಚ್‌ಡಿಎಂಐ ಬಾಯಿ ಇವುಗಳಲ್ಲಿ ಬಿಳಿ ಅಥವಾ ಹಸಿರು ಕಿಲುಬು ಕಂಡರೆ ಒಳಗೂ ಅದೇ ಇರಬಹುದು. ಅದಕ್ಕಿಂತ ದೊಡ್ಡ ಅಪಾಯ ಹೆಸರು ಬದಲಿಸಿದ ಕಾರ್ಡುಗಳದ್ದು. ಹತ್ತು ವರ್ಷ ಹಳೆಯ ಜಿಟಿಎಸ್ 450ರ ಬಯಾಸ್ ತಿದ್ದಿ 1050 ಟಿಐ ಎಂದು ಮಾರಿದ್ದುಂಟು. 2304 ಸ್ಟ್ರೀಮ್ ಪ್ರೊಸೆಸರ್ ಇರಬೇಕಾದ ಆರ್‌ಎಕ್ಸ್ 580 ಎಂದು 2048ರದ್ದನ್ನು ಕೊಡುವುದು ಈಗಲೂ ನಡೆಯುತ್ತದೆ. ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಇಂಥದ್ದನ್ನು ತಟ್ಟನೆ ಹಿಡಿಯುತ್ತದೆ. ಆದ್ದರಿಂದ ಚಾಲೂ ಕಂಪ್ಯೂಟರಿನಲ್ಲಿ ಹಾಕಿ, ಅರ್ಧ ಗಂಟೆ ಆಟ ಓಡಿಸಿ ತೋರಿಸದವರಿಂದ ಕೊಳ್ಳಬಾರದು. ವಯಸ್ಸೂ ಮುಖ್ಯ: ಜಿಟಿಎಕ್ಸ್ 900 ಮತ್ತು 10ರ ಸರಣಿಗೆ ಹೊಸ ಆಟಗಳಿಗೆ ಹೊಂದಿಸುವ ಡ್ರೈವರುಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿದೆ. ಎಷ್ಟೇ ಅಗ್ಗವಾದರೂ 1060ರ ಕಡೆ ಈಗ ಹೋಗಬೇಕಾಗಿಲ್ಲ.

ಗಡಿಯೂರಿನವರಿಗೆ ಇನ್ನೊಂದು ಲೆಕ್ಕ ತಲೆಯಲ್ಲಿರುತ್ತದೆ. ತಲಪಾಡಿಯಾಚೆ ಪೆಟ್ರೋಲ್ ಅಗ್ಗ, ಹಾಗೆಯೇ ಕಾರ್ಡೂ ಅಗ್ಗವಿರಬಹುದೇ? ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ, ಕಾರ್ಡು ಒಳಗಿದೆ. ಎರಡೂ ರಾಜ್ಯದಲ್ಲಿ ಶೇ 18. 2019ರ ಆಗಸ್ಟಿನಿಂದ 2021ರ ಜುಲೈವರೆಗೆ ಕೇರಳ ವಿಧಿಸಿದ್ದ ಶೇ 1ರ ಪ್ರಳಯ ಸೆಸ್ ಕಾಲದಲ್ಲಿ ಅಷ್ಟರ ಮಟ್ಟಿಗೆ ವ್ಯತ್ಯಾಸವಿತ್ತು, ಈಗ ಅದೂ ಇಲ್ಲ. ಮಂಗಳೂರಿಗೆ ಹೋಗಲು ಇರುವ ಕಾರಣ ಆಯ್ಕೆ ಮತ್ತು ಕೆಟ್ಟರೆ ಹಿಡಿದು ಕೇಳಲು ಒಂದು ಅಂಗಡಿ, ತೆರಿಗೆಯಲ್ಲ. ಡಾಲರ್ ಬೆಲೆ ನೋಡಿ ನಮ್ಮ ಅಂಗಡಿಯವರು ದೋಚುತ್ತಾರೆ ಎನ್ನುವುದೂ ಪೂರ್ತಿ ಸರಿಯಲ್ಲ. ಅಮೆರಿಕದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 299 ಡಾಲರ್ ಅಂದರೆ 25,415. ಜಿಎಸ್‌ಟಿ ಕೂಡಿಸಿದಾಗ ಹತ್ತಿರ ಹತ್ತಿರ 30 ಸಾವಿರ. ಗಲ್ಫಿನಿಂದ ಬರುವ ಅಣ್ಣನೋ ಮಾವನೋ ತಂದುಕೊಟ್ಟರೆ ಯುಎಇಯ ಶೇ 5 ವ್ಯಾಟಿನಲ್ಲಿ ಉಳಿತಾಯವಾಗುತ್ತದೆ ನಿಜ, ಆದರೆ ಅನೇಕ ಕಂಪನಿಗಳು ಕಾರ್ಡಿನ ವಾರಂಟಿಯನ್ನು ಮಾರಿದ ದೇಶಕ್ಕೇ ಕಟ್ಟಿಹಾಕಿರುತ್ತವೆ. ಸಿಡಿಲು, ತೇವ, ಉಪ್ಪುಗಾಳಿ ಮೂರೂ ಇರುವಲ್ಲಿ ಭಾರತದ ಮೂರು ವರ್ಷದ ವಾರಂಟಿಯನ್ನು ಬಿಟ್ಟುಕೊಡುವುದಕ್ಕೆ ಆ ಉಳಿತಾಯ ಸಾಲದು. ರೂಪಾಯಿ ಬೆಲೆಗಳನ್ನು ಇಲ್ಲಿ ಪಟ್ಟಿ ಮಾಡದಿರುವುದಕ್ಕೆ ಕಾರಣವಿದೆ: ಎಐ ಡೇಟಾ ಸೆಂಟರುಗಳ ಹಸಿವಿನಿಂದ 2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಏರತೊಡಗಿ, ಪಟ್ಟಿಗಳು ವಾರದಲ್ಲೇ ಹಳತಾಗುತ್ತಿವೆ.

ಕಾರ್ಡೇ ಬೇಡದವರೂ ಇದ್ದಾರೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ವ್ಯಾಲೊರಂಟ್, 2015ರ ಜಿಟಿಎ 5 ಇಷ್ಟೇ ಆಡುವವರಿಗೆ ರೈಜನ್ 5600ಜಿ, 8600ಜಿಯಂಥ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಸಾಕಾಗುತ್ತದೆ. ಆದರೆ ಅದು ಮುಖ್ಯ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ ಒಂದೇ ಸ್ಟಿಕ್ ಹಾಕಿದ ಯಂತ್ರದಲ್ಲಿ ಅರ್ಧ ಉಸಿರಿನಲ್ಲಿ ಓಡುತ್ತದೆ: 3200ರ ಡಿಡಿಆರ್4 ಒಂದು ಸ್ಟಿಕ್ ಇದ್ದರೆ ಸೆಕೆಂಡಿಗೆ 25.6 ಜಿಬಿ, ಎರಡಿದ್ದರೆ 51.2. ಜಿಟಿ 710, 730ರಂಥ ಕಾರ್ಡುಗಳನ್ನು ‘ಗೇಮಿಂಗ್’ ಎಂದು ತಗುಲಿಸುವ ಬದಲು ಇಂಥವರಿಗೆ ಎರಡನೇ ಸ್ಟಿಕ್ ಮಾರುವುದು ನ್ಯಾಯ. ಬರೀ ಆಟಕ್ಕೆ ಇಷ್ಟು ದುಡ್ಡೇ ಎನ್ನುವ ತಂದೆತಾಯಂದಿರ ಪ್ರಶ್ನೆಗೂ ಕಾಸರಗೋಡಿನಲ್ಲಿ ಒಂದು ಉತ್ತರವಿದೆ. ಕೇರಳದ ಶಾಲೆಗಳಿಗೆ 2001ರಲ್ಲಿ ಬಂದ ಐಟಿ@ಸ್ಕೂಲ್ ಯೋಜನೆ ಇವತ್ತು ಕೈಟ್ ಆಗಿದೆ; ಅದರಡಿ ಮಕ್ಕಳು, ಕನ್ನಡ ಮಾಧ್ಯಮದವರೂ ಸೇರಿ, ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಶಾಲೆಯ ಐಟಿ ಕ್ಲಬ್ಬಾದ ಲಿಟ್ಲ್ ಕೈಟ್ಸ್ ಸೇರಿದವರು ಆನಿಮೇಶನ್ನಿಗೂ ಕೈಹಾಕುತ್ತಾರೆ. ಲಿನಕ್ಸ್‌ನಲ್ಲಿ ಎಎಂಡಿ, ಇಂಟೆಲ್ ಕಾರ್ಡುಗಳ ಡ್ರೈವರ್ ಕರ್ನೆಲಿನ ಜೊತೆಗೇ ಬರುತ್ತದೆ, ಎನ್‌ವಿಡಿಯಾದ್ದನ್ನು ಪ್ರತ್ಯೇಕ ಹಾಕಿಕೊಳ್ಳಬೇಕು. ವ್ಯಾಲೊರಂಟ್‌ಗಾದರೋ ವಿಂಡೋಸ್ ಇರಲೇಬೇಕು. ಬ್ಲೆಂಡರಿನಲ್ಲಿ 3ಡಿ ಚಿತ್ರ ರೆಂಡರ್ ಮಾಡುವ ಕೆಲಸಕ್ಕೆ ಬಂದಾಗ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಅಲ್ಲಿ ಎನ್‌ವಿಡಿಯಾದ ಕಾರ್ಡು ತನ್ನ ಆಪ್ಟಿಎಕ್ಸ್ ತಂತ್ರಜ್ಞಾನದಿಂದ ಅದೇ ಬೆಲೆಯ ಎಎಂಡಿ ಕಾರ್ಡನ್ನು ಸ್ಪಷ್ಟವಾಗಿ ಹಿಂದೆ ಹಾಕುತ್ತದೆ. ಆಟದ ಜೊತೆಗೆ ಆ ಕೆಲಸವೂ ಇದ್ದರೆ, ಆಟದಲ್ಲಿ 6600ಕ್ಕಿಂತ ಸಾಕಷ್ಟು ಹಿಂದೆ ಬಿದ್ದರೂ 8 ಜಿಬಿಯ 3050ಯನ್ನು ಆರಿಸಿದವರನ್ನು ತಪ್ಪೆನ್ನಲಾಗದು.